ಎಡೆಗೆ ಮುಂಚೆ ಉಂಡವಳು

ಅತ್ತೆಮ್ಮನವರಿಗೆ,

ನಿಮ್ಮ ಸೊಸೆ ಪುಟ್ಟತಾಯಿ ಬರೆಯುವುದು. ನಮಸ್ಕಾರ ಬರೆಯುವುದಿಲ್ಲ. ನೀವು ಬದುಕಿದ್ದಾಗ ಬಗ್ಗಿ ಬಗ್ಗಿ ಮಾಡಿದ ನಮಸ್ಕಾರಗಳೇ ಬೇಕಾದಷ್ಟಿವೆ, ಅದರಲ್ಲೇ ಒಂದನ್ನು ಇದಕ್ಕೆ ಹಿಡಿದುಕೊಳ್ಳಿ. ಇವತ್ತು ಪಿತೃಪಕ್ಷದಲ್ಲಿ ನಿಮಗೆ ಎಡೆ ಇಟ್ಟ ದಿನ. ಬಾಡಿನ ಸಾರು, ಮುದ್ದೆ, ವಡೆ, ಕಜ್ಜಾಯ, ಮಗ್ಗುಲಲ್ಲಿ ಎಲೆಅಡಿಕೆ, ಹೊಗೆಸೊಪ್ಪು, ಯಾವುದಕ್ಕೂ ಕಡಿಮೆ ಮಾಡಿಲ್ಲ. ನೀವು ಉಂಡು ಹೋದಿರಿ, ಮನೆಯವರೂ ಉಂಡು ಅಡ್ಡಾಗಿದ್ದಾರೆ. ಉಂಡದ್ದು ಅರಗುವ ಮುಂಚೆ ನಿಮಗೆ ಒಂದೆರಡು ಸಂಗತಿ ತಿಳಿಸಬೇಕು. ನಿಮಗೆ ಓದು ಬರುತ್ತಿರಲಿಲ್ಲ. ಅಲ್ಲಿ ಓದು ಬಲ್ಲವರು ಯಾರಾದರೂ ಇದ್ದರೆ ಓದಿಸಿ ಕೇಳಿಸಿಕೊಳ್ಳಿ. ಅವರೆದುರು ನಿಮಗೆ ನಾಚಿಕೆಯಾದರೆ ಅದಕ್ಕೆ ನಾನು ಹೊಣೆಯಲ್ಲ.

ಸ್ವಾತಂತ್ರ್ಯ ಬಂದ ಮರುವರ್ಷ ನಾನು ಮದುವೆಯಾಗಿ ಬಂದಾಗ ನೀವೆಲ್ಲ ಇನ್ನೂ ಹೂಟಗಳ್ಳಿಯಲ್ಲೇ ಇದ್ದಿರಿ. ತಿಂಗಳಿಗೊಮ್ಮೆ ಹೊರಗಾದ ಹೆಂಗಸರು ಅಲ್ಲಿ ದೇವರ ಮುಂದಕ್ಕೂ ಒಲೆಯ ಹತ್ತಿರಕ್ಕೂ ಹೋಗುತ್ತಿರಲಿಲ್ಲ, ಅಷ್ಟೇ. ಹೊಲದಲ್ಲಿ ಕಳೆ ಕೀಳುತ್ತಿದ್ದೆವು. ಬಂದು ಜಗಲಿಯ ಮೇಲೆ ಕೂತರೆ ನೀವೇ ದೊಡ್ಡ ಮುದ್ದೆ ಹಾಕಿ, "ಉಣ್ಣಮ್ಮಿ ಒಟ್ಟೆ ತುಂಬ, ಸೊಂಟ ಬಿದ್ದೋದಾತು" ಎಂದು ಸೊಪ್ಪಿನ ಸಾರು ಸುರಿಯುತ್ತಿದ್ದಿರಿ. ಆ ಕೈ ನಿಮ್ಮದೇ ಅಲ್ಲವೆ? ಮೊದಲಿನಿಂದಲೂ ಕೆಟ್ಟವರಾಗಿದ್ದರೆ ಅದು ನಿಮ್ಮ ಗುಣ ಎಂದು ಸುಮ್ಮನಾಗುತ್ತಿದ್ದೆ. ಕೊಡುವುದು ಗೊತ್ತಿದ್ದೂ ಕಿತ್ತುಕೊಂಡವರನ್ನು ಹೇಗೆ ಮರೆಯಲಿ?

ನಿಮ್ಮ ಮಗ ಸೌದೆ ಡಿಪೋ ಹಾಕಿ ನಾವೆಲ್ಲ ಪಟ್ಟಣದ ಕೃಷ್ಣಮೂರ್ತಿಪುರಂಗೆ ಬಂದ ಮೊದಲ ವರ್ಷ ನೆನಪಿದೆಯೆ? ಪಕ್ಕದ್ದು ಐನೋರ ಮನೆ, ಬ್ರಾಹ್ಮಣರು. ಅವರ ಹಾಗೆ ಆಗಬೇಕೆಂಬ ಹುಚ್ಚು ನಿಮಗೆ ಹಿಡಿದದ್ದು ಆಗಲೇ. ಅವರ ಹಿತ್ತಲಲ್ಲಿ ತುಳಸಿಕಟ್ಟೆ ಇದ್ದರೆ ನಮಗೂ ತುಳಸಿಕಟ್ಟೆ, ಅವರು ಬೆಳಿಗ್ಗೆ ಕಾಫಿ ಕುಡಿದರೆ ನಮಗೂ ಕಾಫಿ. ಒಂದು ದಿನ ಆ ಮನೆಯ ಸೊಸೆ ಸುಬ್ಬಲಕ್ಷ್ಮಮ್ಮ ಹೊರಗಾಗಿ ಹಿತ್ತಲ ಕೋಣೆಯ ಮುಂದೆ ಕೂತಿದ್ದರು. ಮಧ್ಯಾಹ್ನ ಅವರ ಅತ್ತೆ ಎಲೆಯ ಮೇಲೆ ಒಂದು ಹಿಡಿ ಅವಲಕ್ಕಿ ಹಾಕಿ ಹೋದರು. ರಾತ್ರಿಗೆ ಏನೂ ಇಲ್ಲ. ನೀವು ಗೋಡೆಯ ಹತ್ತಿರಕ್ಕೆ ನಾಲ್ಕು ಸಲ ಹೋಗಿ ಇಣುಕಿ ಬಂದಿರಿ. ಆಮೇಲೆ ನನ್ನನ್ನು ಕರೆದು, "ನೋಡಮ್ಮಿ, ದೊಡ್ಡೋರ ಮನೆ ಅಂದ್ರೆ ಇಂಗಿರ್ಬೇಕು. ಒರಗಾದೋಳ್ಗೆ ಒಂದೊತ್ತು, ಅದೂ ಒಂದಿಡಿ. ನಾವು ಉಳೋ ಎತ್ಗೆ ಇಕ್ದಂಗೆ ಇಕ್ಕೊಂಡು ಬಂದ್ಬುಟ್ಟೋ" ಎಂದಿರಿ.

ಮುಂದಿನ ತಿಂಗಳಿನಿಂದ ನನ್ನ ಜಾಗ ಹಿತ್ತಲಿನ ಸೌದೆ ಕೊಟ್ಟಿಗೆ. ಮನೆಯವರದೆಲ್ಲ ಮುಗಿದ ಮೇಲೆ ನಿಂಬೆಹಣ್ಣಿನ ಗಾತ್ರದ ಮುದ್ದೆ, ಅದಕ್ಕೆ ತಳದ ಸಾರು. ಹಾಲು ಮಜ್ಜಿಗೆ ಕೊಟ್ಟರೆ ಹಸುವಿನ ಕೆಚ್ಚಲು ಬತ್ತುತ್ತದೆ ಎಂದಿರಿ. ಇನ್ನೊಂದು ತುತ್ತು ಕೇಳಿದರೆ, "ದೊಡ್ಡೋರ ಮನೆ ಎಂಗಸ್ರು ಇಂಗೆ ಕೈ ಒಡ್ತಾರಾ?" ಎಂದು ಗೋಡೆಯ ಕಡೆ ತೋರಿಸುತ್ತಿದ್ದಿರಿ. ಬಾಗಿಲ ಸಂದಿಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಅದನ್ನು ಮಾತ್ರ ನೀವು ತಡೆಯಲಾಗಲಿಲ್ಲ.

ಹೊರಗಾಗುವುದಕ್ಕೆ ಮುಂಚಿನ ಎರಡು ದಿನ ನನಗೆ ಬರುತ್ತಿದ್ದ ಹಸಿವು ಬೇರೆಯದೇ. ಏನು ತಿಂದರೂ ಹೊಟ್ಟೆ ಇನ್ನೂ ಕೊಡು ಎನ್ನುತ್ತಿತ್ತು. ನೀವು ಅದನ್ನೂ ಕಂಡುಕೊಂಡಿರಿ. ಎರಡನೆಯ ಮುದ್ದೆಗೆ ಕೈ ಚಾಚಿದರೆ ಸಾಕು, "ಓಹೋ, ನಾಳೆ ನಾಡಿದ್ದರಲ್ಲಿ ಆಯ್ತೀಯ ಬುಡು" ಎಂದು ಎಲ್ಲರೆದುರಿಗೆ, ನಿಮ್ಮ ಮಗನ ಎದುರಿಗೇ ಹೇಳುತ್ತಿದ್ದಿರಿ. ನಾಚಿಕೊಂಡು ಕೈ ಹಿಂದಕ್ಕೆ ತೆಗೆಯುತ್ತಿದ್ದೆ. ಹೀಗೆ ಮೂರು ದಿನದ ಉಪವಾಸ ಐದಾಯಿತು. ಒಂದು ಸಲ ಹುರಿಗಡಲೆ ಬೆಲ್ಲವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಸೌದೆಯ ಸಂದಿಯಲ್ಲಿ ಬಚ್ಚಿಟ್ಟಿದ್ದೆ. ಇರುವೆಗಳ ಸಾಲು ನೋಡಿಕೊಂಡೇ ನೀವು ಅಲ್ಲಿಗೆ ಬಂದಿರಿ. ಕೋಲಿನಿಂದ ಗಂಟನ್ನು ಎಳೆದು ಹಸುವಿನ ಮುಂದೆ ಬಿಚ್ಚಿದಿರಿ. ಅದು ನನ್ನನ್ನೇ ನೋಡುತ್ತ ತಿಂದಿತು.

ಬೀದಿ ಕೊಳಾಯಿಯಲ್ಲಿ ಬಿಂದಿಗೆ ಎತ್ತುವಾಗ ಕಣ್ಣು ಕತ್ತಲಿಟ್ಟು ಬಿದ್ದೆನಲ್ಲ, ಆವತ್ತು ಆಸ್ಪತ್ರೆಗೆ ಕರೆದುಕೊಂಡು ಹೋದವರೂ ನೀವೇ. ಡಾಕ್ಟರಮ್ಮ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, "ರಕ್ತವೇ ಇಲ್ಲವಲ್ಲಮ್ಮ. ಆ ದಿನಗಳಲ್ಲೇ ಚೆನ್ನಾಗಿ ತಿನ್ನಬೇಕು. ಸೊಪ್ಪು, ಕಾಳು, ಮೊಟ್ಟೆ, ಬೆಲ್ಲ, ಏನೂ ಬಿಡಬೇಡ" ಎಂದು ನಿಮ್ಮ ಮುಖ ನೋಡಿಯೇ ಹೇಳಿದರು. ನೀವು ತಲೆಯಾಡಿಸಿದಿರಿ. ಜಟಕಾ ಹತ್ತಿದ ಮೇಲೆ, "ಅವ್ಳಿಗೇನು ಗೊತ್ತು ನಮ್ಮನೆ ಮರ್ವಾದಿ" ಎಂದಿರಿ. ಜಯ ಹುಟ್ಟಿದ ಮೇಲೆ ನನಗೆ ಎರಡು ಬಸಿರು ನಿಲ್ಲಲಿಲ್ಲ. ಅದಕ್ಕೂ ಈ ಹೊಟ್ಟೆಗೂ... ಬೇಡ. ನೀವು ಸತ್ತಿದ್ದೀರಿ, ನಾನು ಅದನ್ನು ಬರೆಯುವುದಿಲ್ಲ.

ಈ ಬೇಸಿಗೆಯಲ್ಲಿ ನಿಮ್ಮ ಮೊಮ್ಮಗಳು ಜಯ ದೊಡ್ಡವಳಾದಳು. ಹಸೆಯ ಮೇಲೆ ಕೂರಿಸಿ ಆರತಿ ಎತ್ತಿದೆವು. ನೆಂಟರಿಷ್ಟರೆಲ್ಲ ಚಿಗಳಿ, ಕೊಬ್ಬರಿ, ಬೆಲ್ಲ, ತುಪ್ಪ ತಂದು ತಿನ್ನು ತಿನ್ನು ಎಂದು ಬಾಯಿಗೆ ತುರುಕಿದರು. ಮೇಟಗಳ್ಳಿಗೆ ಕೊಟ್ಟಿರುವ ನಿಮ್ಮ ಮಗಳು ಕೆಂಪಮ್ಮನೂ ತಟ್ಟೆ ತುಂಬ ತಂದಿದ್ದಳು. ಮಾರನೆಯ ತಿಂಗಳು ಅದೇ ಕೆಂಪಮ್ಮ ಬಂದಿದ್ದಾಗ ಜಯ ಮತ್ತೆ ಹೊರಗಾದಳು. ಕೆಂಪಮ್ಮ ಅವಳನ್ನು ಸೌದೆ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಅರ್ಧ ಮುದ್ದೆ ಹಾಕಿ, "ಅವ್ವ ಇದ್ದಿದ್ರೆ ಇಂಗೇ ಮಾಡೋಳು" ಎಂದಳು. ಹುಡುಗಿ ಅದನ್ನು ಒಂದೇ ತುತ್ತಿಗೆ ನುಂಗಿ ನನ್ನ ಮುಖ ನೋಡಿದಳು.

ಅವಳು ಅಳುವುದು ಕೇಳಿ ಗೋಡೆಯ ಆಚೆಯಿಂದ ಸುಬ್ಬಲಕ್ಷ್ಮಮ್ಮ ಯಾಕೆ ಎಂದು ಕೇಳಿದರು. ಹೇಳಿದೆ. ನಿಮ್ಮ ಮನೆಯಿಂದಲೇ ಕಲಿತದ್ದಲ್ಲವೇನ್ರೀ ಇದನ್ನು ಎಂದೆ. ಅವರು ಗೋಡೆಯ ಹತ್ತಿರಕ್ಕೆ ಬಂದರು.

"ನಮ್ಮಲ್ಲಿ ಮುಟ್ಟಬಾರದು ಅಂತಾರೆ ಕಣಮ್ಮ, ತಿನ್ನಬಾರದು ಅಂತ ಯಾರಂದ್ರು? ನಮ್ಮತ್ತೆ ಅನ್ನ ಹುಳಿ ಮಜ್ಜಿಗೆ ಎಲ್ಲಾ ಬಡಿಸೋರು, ನಂಗೆ ಸಾಕಾಗೋ ಅಷ್ಟು."

ಅವಲಕ್ಕಿಯ ದಿನದ ಮಾತು ತೆಗೆದೆ. ಅವರು ಯೋಚಿಸಿ ಹೇಳಿದರು: "ಅವಲಕ್ಕಿನಾ? ಹಾಗಾದ್ರೆ ಅವತ್ತು ಏಕಾದಶಿ ಇರಬೇಕು. ಏಕಾದಶಿ ಅಂದ್ರೆ ಮನೆಯವರಿಗೆಲ್ಲ ಅಷ್ಟೇನೇ."

ಕೇಳಿಸಿತೆ, ಅತ್ತೆಮ್ಮ? ಏಕಾದಶಿ. ಅವತ್ತು ಆ ಮನೆಯ ಯಜಮಾನರೂ ಉಂಡಿರಲಿಲ್ಲ. ನೀವು ಇಣುಕಿದ್ದು ಒಂದೇ ಒಂದು ದಿನ. ಮಾರನೆಯ ದಿನ ಇನ್ನೊಂದು ಸಲ ಇಣುಕಿದ್ದರೆ ಎಲೆಯ ತುಂಬ ಅನ್ನ ಕಾಣುತ್ತಿತ್ತು. ಬಾಯಿಬಿಟ್ಟು ಕೇಳಿದ್ದರೂ ಆಗುತ್ತಿತ್ತು. ಆದರೆ ಕೇಳಿದರೆ ನಮಗೆ ಗೊತ್ತಿಲ್ಲವೆಂದು ಅವರಿಗೆ ಗೊತ್ತಾಗಿಬಿಡುತ್ತದಲ್ಲ. ಹುಲಿಯನ್ನು ನೋಡಿ ನರಿ ಬರೆ ಎಳೆದುಕೊಂಡಿತಂತೆ. ನರಿಯಾದರೂ ತನ್ನ ಮೈಗೆ ಎಳೆದುಕೊಂಡಿತು. ನೀವು ಎಳೆದದ್ದು ನನ್ನ ಮೈಗೆ. ಅವತ್ತು ನಾನು ಗೋಡೆಗೆ ಒರಗಿ ನಕ್ಕೆ. ನೀವು ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ.

ಆವತ್ತಿನಿಂದ ಜಯನಿಗೆ ಆ ದಿನಗಳಲ್ಲಿ ಅವಳು ಸಾಕೆನ್ನುವವರೆಗೂ ಬಡಿಸಿದ್ದೇನೆ. ನಿನ್ನೆ ಮಾತ್ರ ನಾನು ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದೆ. ಎಡೆಗೆಂದು ಬಂದಿದ್ದ ಕೆಂಪಮ್ಮ, ಜಯ ಹೊರಗಾದದ್ದು ತಿಳಿದು ಅವಳನ್ನು ಮತ್ತೆ ಕೊಟ್ಟಿಗೆಗೆ ಕಳಿಸಿ, ನಾನು ಬರುವಷ್ಟರಲ್ಲಿ ಅದೇ ಅರ್ಧ ಮುದ್ದೆಯ ಶಾಸ್ತ್ರ ಮುಗಿಸಿದ್ದಳು. ಹುಡುಗಿ ಅತ್ತು ಅಲ್ಲೇ ನಿದ್ದೆ ಹೋಗಿದ್ದಳು. ಇವತ್ತಂತೂ ಎಡೆಯಾಗುವವರೆಗೆ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುವ ಹಾಗಿಲ್ಲ. ಮಧ್ಯಾಹ್ನವಾಗುತ್ತಾ ಬಂದರೂ ನಿಮ್ಮ ಮಗನಿಗೆ ಸ್ನಾನವೇ ಆಗಿರಲಿಲ್ಲ. ಜಯ ಹೊಟ್ಟೆ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದಳು. "ಅವ್ವ, ಎಡೆ ಆದ್ಮೇಲೂ ನಂಗೆ ಕೊನೇಗೇನಾ?"

ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ. ಒಲೆಯ ಪಕ್ಕದಲ್ಲಿ ಮಣೆ ಹಾಕಿ ಕೂರಿಸಿ, ನಿಮಗೆಂದು ತೊಳೆದಿಟ್ಟಿದ್ದ ಅಗ್ರದ ಎಲೆಯನ್ನು ಅವಳ ಮುಂದೆ ಹಾಸಿದೆ. ಮುದ್ದೆ, ಬಾಡಿನ ಸಾರು, ಎರಡು ಕಜ್ಜಾಯ. ಕೆಂಪಮ್ಮ ಬಾಗಿಲಲ್ಲೇ ನಿಂತುಬಿಟ್ಟಳು.

"ಅತ್ಗೆ, ಎಡೆ ಇಕ್ಕೋಕ್ ಮುಂಚೆ? ಅದೂ ಒರಗಾದೋಳ್ಗೆ?"

"ಸತ್ತೋರಿಗೆ ಅವಸ್ರ ಇಲ್ಲ ಕಣೆ ಕೆಂಪಮ್ಮ. ಕಾಯ್ತಾರೆ."

ತಲೆಗೆ ನೀರು ಹಾಕಿಕೊಂಡು ಬಂದ ನಿಮ್ಮ ಮಗ ಇದನ್ನೆಲ್ಲ ಕೇಳಿಸಿಕೊಂಡು ನಿಂತಿದ್ದರು. "ಅವ್ವ ಬೇಜಾರ್ ಮಾಡ್ಕೊಂಡ್ರೆ ಏನ್ ಮಾಡೋದು?" ಎಂದು ಮೆಲ್ಲಗೆ ಕೇಳಿದರು. ಮಾಡಿಕೊಳ್ಳಲಿ ಎಂದೆ. ಅವರು ಧೂಪಕ್ಕೆ ಕೆಂಡ ತೆಗೆದುಕೊಂಡು ನಡುಮನೆಗೆ ಹೋದರು. ಜಯ ಮೂರನೆಯ ಮುದ್ದೆಗೆ ಸಾಕು ಎಂದಳು. ಅಲ್ಲಿಯವರೆಗೆ ನಾನು ನಿಮಗೆ ಬೇರೆ ಎಲೆ ಹಾಸಲಿಲ್ಲ.

ನಿಮಗೆ ತಿಳಿಸಬೇಕಾಗಿದ್ದುದು ಇದೇ. ಇವತ್ತು ನೀವು ಉಂಡದ್ದು, ಹೊರಗಾದ ಹುಡುಗಿ ಹೊಟ್ಟೆ ತುಂಬ ಉಂಡು ಮಿಕ್ಕಿದ್ದನ್ನು. ಅದೇ ಪಾತ್ರೆ, ಅದೇ ಸೌಟು. ನೀವು ಬಂದು ಉಣ್ಣಲೆಂದು ಎಡೆ ಇಟ್ಟು ಮುಚ್ಚಿದ್ದ ಬಾಗಿಲು ತೆರೆದಾಗ ಎಲೆ ಅಲುಗಿತ್ತು, ಅವ್ವ ಬಂದು ಉಂಡವಳೆ ಎಂದು ಕೆಂಪಮ್ಮನೇ ತನ್ನ ಅಣ್ಣನಿಗೆ ಹೇಳಿ ಕಣ್ಣೊರೆಸಿಕೊಂಡಳು. ಹಸಿವಾದರೆ ಹಾಗೆಯೇ, ಯಾರ ಎಂಜಲೆಂದು ಯಾರೂ ಕೇಳುವುದಿಲ್ಲ. ಮುಂದಿನ ವರ್ಷವೂ ಬನ್ನಿ, ಹೊಟ್ಟೆ ತುಂಬ ಬಡಿಸುತ್ತೇನೆ. ಜಯ ಉಂಡ ಮೇಲೆ.

ಪುಟ್ಟತಾಯಿ