ಮಿರೇಯ್‌ಳ ಮತ

ವಾಲ್ಬ್ರೋಸ್ ಪುರಭವನ,
ಮಂಗಳವಾರ, ಮಾರ್ಚ್ 11

ನನ್ನ ಮಿರೇಯ್,

ಸೊಂಟದ ಆಪರೇಷನ್ ಸಲೀಸಾಗಿ ಆಯಿತೆಂದು ನಿನ್ನ ಮಗಳು ತಿಳಿಸಿದಳು. ಸೂಪಿಗೆ ಉಪ್ಪಿಲ್ಲವೆಂದು ಆಗಲೇ ನರ್ಸಿನ ಜೊತೆ ಜಗಳ ತೆಗೆದಿದ್ದೀಯಂತೆ, ಹಾಗಾದರೆ ಹುಷಾರಾಗಿದ್ದೀಯ. ಬಂದು ನಿನ್ನ ಮುಖ ನೋಡುವ ಧೈರ್ಯ ನನಗಿಲ್ಲ. ಬೆಳಗ್ಗೆಯಿಂದ ಈ ಕಾಗದವನ್ನು ಮೂರು ಸಲ ಹರಿದಿದ್ದೇನೆ. ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ.

ನಿನ್ನೆ ಲಿಯೋನ್‌ನಲ್ಲಿ ಮಹಾನಗರ ಸಭೆ ನಡೆಯಿತು. ನಗರ, ಸುತ್ತಲಿನ ಊರು ಎಲ್ಲ ಸೇರಿ ಐವತ್ತೆಂಟು ಊರು, ನೂರೈವತ್ತು ಸದಸ್ಯರು. ಹೊಸ ಹೈಸ್ಕೂಲು ಒಂದೇ. ಅದು ನಮ್ಮ ವಾಲ್ಬ್ರೋಸ್‌ಗೋ, ನಿಮ್ಮ ಪ್ರಾಲೋನ್‌ಗೋ ಎಂದು ಇಬ್ಬರು ಮೇಯರುಗಳೂ ಎರಡು ವರ್ಷ ಕಚ್ಚಾಡಿದೆವು. ಆದರೂ ಆಸ್ಪತ್ರೆಗೆ ಹೋಗುವಾಗ ನಿನ್ನ ಪರವಾಗಿ ಮತ ಹಾಕಲೆಂದು ಬದಲಿ ಮತದ ಪತ್ರಕ್ಕೆ ರುಜು ಹಾಕಿ ನನ್ನ ಕೈಗೇ ಕೊಟ್ಟೆ. ನಿನ್ನವರು ಬೇಡವೆಂದರಂತೆ. "ಎದ್ವಿಜ್ ಜಗಳಗಂಟಿ ಹೌದು, ಮೋಸ ಮಾಡೋಳಲ್ಲ. ಒಂದೇ ಶಾಲೇಲಿ ಅವಳು ಚರಿತ್ರೆ, ನಾನು ಲೆಕ್ಕ ಹೇಳ್ಕೊಟ್ಟೋರು" ಅಂದೆಯಂತೆ.

ಹಸಿರು ಗುಂಡಿ ಒತ್ತಿದರೆ ಶಾಲೆ ನಮಗೆ, ಕೆಂಪು ಒತ್ತಿದರೆ ನಿಮಗೆ. ನನ್ನೆದುರು ಎರಡು ಯಂತ್ರ: ಒಂದು ನನ್ನದು, ಬಿಳಿ ಪಟ್ಟಿ ಅಂಟಿಸಿದ್ದು ನಿನ್ನದು. ಗಲಾಟೆಯಲ್ಲಿ ಯಂತ್ರಗಳು ಅದಲುಬದಲಾದವು, ಮಿರೇಯ್. ಎಪ್ಪತ್ತಕ್ಕೆ ಅರವತ್ತೊಂಬತ್ತು. ಮೊದಲ ಸುತ್ತಿನಲ್ಲಿ ಶಾಲೆ ನಮ್ಮದಾಯಿತು. ಗೋಡೆಯ ಫಲಕದಲ್ಲಿ ನಿನ್ನ ಹೆಸರಿನ ಮುಂದೆಯೂ ಹಸಿರು ದೀಪ ಹತ್ತಿತ್ತು.

ಹಿಂದಿನ ಸಾಲಿನಲ್ಲಿದ್ದ ನಗರದ ಸದಸ್ಯ ಗಾಸ್ತೋನ್ ಬಗ್ಗಿ, "ಏನ್ ಮೇಯರಮ್ಮಾ, ಗೆಳತಿ ಮತದಿಂದ್ಲೇ ಗೆಳತಿ ಕೈಗೆ ಚಿಪ್ಪು ಕೊಟ್ರಲ್ಲ" ಎಂದು ನಕ್ಕ. "ಯಂತ್ರ ಅದಲುಬದಲಾಯ್ತು ಕಣಯ್ಯ" ಅಂದೆ. ಯಾರಾದರೂ ತಪ್ಪಿ ಒತ್ತಿದ್ದರೆ ಈಗಲೇ ಹೇಳಿ ಎಂದು ಅಧ್ಯಕ್ಷರು ಕೇಳಿದರು. ನಾನು ಎದ್ದು ನಿಲ್ಲಲಿಲ್ಲ.

ಇವತ್ತು ನಮ್ಮ ಬೇಕರಿಯವಳು ದುಡ್ಡು ಮುಟ್ಟದೆ ಬಾದಾಮಿ ಸಿಹಿಯ ಪ್ರಲೀನ್ ಟಾರ್ಟ್ ಕೊಟ್ಟಳು, ಬಿಚ್ಚದೆ ಕಾರಿನಲ್ಲೇ ಇಟ್ಟೆ. ನಿಮ್ಮೂರಿನ ಬಸ್ ಸ್ಟಾಪಿನಲ್ಲಿ ಎರಡು ಬಸ್ ಬದಲಿಸಿ ಹೋಗುವ ಮಕ್ಕಳು ಚಳಿಯಲ್ಲಿ ನಿಂತಿದ್ದವು. ಒಬ್ಬಳು ನನ್ನ ಗುರುತು ಹಿಡಿದು, "ಮೇಡಂ, ನಮ್ ಮೇಯರ್ ಹೇಗಿದಾರೆ? ನಮಗೆ ಶಾಲೆ ಬರುತ್ತೆ ಅಂದಿದ್ರು" ಎಂದು ಕೇಳಿದಳು. ಚೆನ್ನಾಗಿದ್ದಾರೆ ಎಂದಷ್ಟೇ ಹೇಳಿ ಕಾರು ಹತ್ತಿದೆ. ನನಗೆ ನಾಚಿಕೆಯಾಗುತ್ತಿದೆ.

ಬೇಗ ಎದ್ದು ಓಡಾಡು.

ನಿನ್ನ ಜಗಳಗಂಟಿ,
ಎದ್ವಿಜ್

ತಾ.ಕ.: ಲೆಕ್ಕದ ಟೀಚರ್ ಹತ್ತಿರ ಈ ಸುಳ್ಳು ನಡೆಯುವುದಿಲ್ಲ. ಯಂತ್ರ ಅದಲುಬದಲಾಗಿದ್ದರೂ ಒಂದು ಹಸಿರು, ಒಂದು ಕೆಂಪು ಬೀಳಬೇಕಿತ್ತು. ಎರಡೂ ಹಸಿರೇ ಬಿದ್ದವು. ಬಿಳಿ ಪಟ್ಟಿ ನೋಡಿಕೊಂಡೇ ಒತ್ತಿದೆ. ಇಪ್ಪತ್ತೆಂಟಕ್ಕೆ ಶಾಲೆಯ ಅಂತಿಮ ಮತದಾನ, ನಾನು ಹೋಗುವುದಿಲ್ಲ. ನನ್ನ ಬದಲಿ ಮತದ ಪತ್ರಕ್ಕೆ ರುಜು ಹಾಕಿ, ನಿನ್ನ ಹೆಸರು ಬರೆದು ಇದರ ಜೊತೆ ಇಟ್ಟಿದ್ದೇನೆ. ಊರುಗೋಲು ಹಿಡಿದಾದರೂ ಹೋಗು. ನನ್ನ ಯಂತ್ರದಲ್ಲಿ ಯಾವ ಗುಂಡಿ ಒತ್ತಬೇಕೆಂದು ನಾನು ಹೇಳುವುದಿಲ್ಲ.