ಜೋಡಿ ಬೂಟಿನ ಸನ್ಮಾನ

ತೋಟದ ಮನೆ, ತುರುವೇಕೆರೆ ತಾಲ್ಲೂಕು
೧೭-೮-೧೯೭೨

ಪೂನಾದ ಮಿಲಿಟರಿ ಆಸ್ಪತ್ರೆಯಲ್ಲಿರುವ ಅಳಿಯ ಕೆಂಚಪ್ಪನಿಗೆ ನಿನ್ನ ಸೋದರಮಾವ ಮಾಯಣ್ಣನ ಆಶೀರ್ವಾದ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಅದರಲ್ಲೂ ನಾನು.

ಮೊನ್ನೆ ಆಗಸ್ಟ್ ಹದಿನೈದಕ್ಕೆ ತಿಪಟೂರಿನಲ್ಲಿ, ನೀನು ಬಿ.ಎ. ಅರ್ಧಕ್ಕೆ ಬಿಟ್ಟು ಹೋದ ಕಾಲೇಜಿನವರು, ಯುದ್ಧಕ್ಕೆ ಹೋದ ತಮ್ಮ ಹುಡುಗರಿಗೆ ಸನ್ಮಾನ ಇಟ್ಟುಕೊಂಡಿದ್ದರು. ನಿನ್ನ ಪರವಾಗಿ ವೇದಿಕೆ ಹತ್ತಿದವನು ನಾನು. ಕೊಬ್ಬರಿ ಹಾರದ ಭಾರಕ್ಕೆ ಉಳಿದವರೆಲ್ಲ ಕತ್ತು ಬಗ್ಗಿಸಿದರು. ನಾನು ಮಾತ್ರ ನೆಟ್ಟಗೆ ಕೂತಿದ್ದೆ. ಎನ್.ಸಿ.ಸಿ. ಹುಡುಗರು ನನಗೆ ಹೊಡೆದ ಸೆಲ್ಯೂಟನ್ನು ನೀನು ನೋಡಬೇಕಿತ್ತು. ಮೂರನೇ ಕ್ಲಾಸಿನಲ್ಲಿ ಮೇಷ್ಟರಿಗೇ ಬುದ್ಧಿ ಹೇಳಿ ಸ್ಕೂಲು ಬಿಟ್ಟವನು ಪ್ರಿನ್ಸಿಪಾಲರ ಪಕ್ಕದ ಕುರ್ಚಿಯಲ್ಲಿ ಕೂರುವುದು ಸಣ್ಣ ಮಾತಲ್ಲ.

ಈಗೊಂದು ವಿಷಯ. ಕೋಪ ಮಾಡಿಕೊಳ್ಳಬೇಡ. ನಿನ್ನ ಎಡಗಾಲು ಹೋದದ್ದನ್ನು ಅವ್ವನಿಗೆ ತಿಳಿಸಬೇಡ ಎಂದು ಬರೆದಿದ್ದೆಯಲ್ಲ, ಎಂಟು ತಿಂಗಳು ತಿಳಿಸಿರಲಿಲ್ಲ. ಪೂನಾಕ್ಕೆ ವರ್ಗವಾಗಿದೆ, ದಿನಾ ಐದು ಮೈಲಿ ಓಡುತ್ತಾನೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದೆ. ಅದೇ ಎಡವಟ್ಟಾಯಿತು. ಕಾಲೇಜು ಹುಡುಗರು ಮನೆಗೇ ಬಂದು, ಅಷ್ಟು ಓಡುವವನಿಗೆ ಒಳ್ಳೆಯ ಬೂಟು ಕೊಡುತ್ತೇವೆ, ಅಳತೆ ಬೇಕು ಎಂದರು. ನಿಮ್ಮವ್ವ ಅಲ್ಲೇ ನಿಂತಿದ್ದಳು. ತೆಂಗಿನಗರಿಯ ಕಡ್ಡಿಯೊಂದನ್ನು ನನ್ನ ಪಾದಕ್ಕಿಟ್ಟು, ಅಳತೆಗೆ ಮುರಿದು ಕೊಟ್ಟೆ.

ಆ ಬೂಟು ತಟ್ಟೆಯಲ್ಲಿ ವೇದಿಕೆಗೆ ಬಂತು. ಫಳಫಳ ಹೊಳೆಯುವ ಹೊಸ ಜೋಡಿ. ಮುಂದಿನ ಸಾಲಿನಲ್ಲಿ ನಿಮ್ಮವ್ವ. ನನ್ನ ಕೈ ಅದು ಹೇಗೋ ಬಲಗಾಲಿನದನ್ನು ಮಾತ್ರ ಎತ್ತಿಕೊಂಡಿತು. "ಒಂದೇ ಸಾಕು ಬುಡಿ ಸ್ವಾಮಿ" ಅಂದುಬಿಟ್ಟೆ, ಅದೂ ಮೈಕಿನ ಮುಂದೆ.

ನಿಮ್ಮವ್ವ ಎದ್ದಳು. ಎಲ್ಲಿ ಬೀಳುತ್ತಾಳೋ ಎಂದು ನಾನು ಇಳಿಯುವಷ್ಟರಲ್ಲಿ ಅವಳೇ ಮೆಟ್ಟಿಲು ಹತ್ತಿ ಬಂದು, "ಯಾವ ಕಾಲ್ಲಾ ಹೋಗಿರೋದು?" ಎಂದಳು.

"ಎಡಗಾಲು. ಮರದ ಕಾಲು ಹಾಕವ್ರಂತೆ ಕಣಕ್ಕ."

"ಮರದ ಕಾಲು ಅಂತ ಅದುನ್ನ ಬರಿಗಾಲಲ್ಲಿ ಬುಟ್ಟೀಯೇನ್ಲಾ, ಮುಟ್ಟಾಳ? ಎರಡೂವೆ ತಗೋ!" ಎಂದು ತಲೆಗೊಂದು ಮೊಟಕಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ದನಿ ಮಾತ್ರ ಅಲುಗಲಿಲ್ಲ. ಚಪ್ಪಾಳೆ ನಿಲ್ಲಲೇ ಇಲ್ಲ. ಅದರಲ್ಲಿ ಅರ್ಧ ನನಗೇ ಎಂದುಕೊಂಡಿದ್ದೇನೆ.

ಆಮೇಲೆ ಪ್ರಿನ್ಸಿಪಾಲರು ಅವಳಿಗೆ ಕೈಮುಗಿದು, ನಿನ್ನನ್ನು ಫೀಸಿಲ್ಲದೆ ಮತ್ತೆ ಬಿ.ಎ.ಗೆ ಸೇರಿಸಿಕೊಳ್ಳುತ್ತೇವೆ, ನಿನ್ನ ಕ್ಲಾಸನ್ನು ಮಹಡಿಯಿಂದ ಕೆಳಗಿನ ಕೋಣೆಗೆ ತರುತ್ತೇವೆ ಎಂದರು. ಶಾಲು ಹೊದಿಸುವುದಕ್ಕಿಂತ ಇದು ದೊಡ್ಡದು ಕಣಪ್ಪ. ಯೋಚನೆ ಮಾಡಿ ಬರೆ. ಬಲವಂತವಿಲ್ಲ.

ಇಂತಿ, ಎಂಟು ತಿಂಗಳು ಬಾಯಿ ಕಟ್ಟಿಕೊಂಡಿದ್ದ ನಿನ್ನ ಮಾವ,
ಮಾಯಣ್ಣ

ವಿ.ಸೂ.: ಬಲವಂತವಿಲ್ಲ ಎಂದದ್ದು ಸುಳ್ಳು. ಅರ್ಜಿ ಕೊಟ್ಟಾಗಿದೆ, ನಿನ್ನ ರುಜು ನಾನೇ ಹಾಕಿದೆ, ನಿನಗಿಂತ ಚೆನ್ನಾಗಿ. ನಿಮ್ಮವ್ವ ರೊಟ್ಟಿ ಬುತ್ತಿ ಕಟ್ಟುತ್ತಿದ್ದಾಳೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಆಸ್ಪತ್ರೆಯ ಬಾಗಿಲಲ್ಲಿರುತ್ತಾಳೆ. ಎದ್ದು ನಿಂತಿರು.