ಹೊಸ ಕೇಬಲ್

ಗುರುವಾರ, ರಾತ್ರಿ.

ಕಾರು ಸರಿಯಾಯಿತು. ಆದರೂ ನಿದ್ದೆ ಹತ್ತುತ್ತಿಲ್ಲ.

ಸೋಮವಾರ ಇವಳು ಪಕ್ಕದ ಮನೆಯ ಕಾಂಪೌಂಡಿಗೆ ಗುದ್ದಿದಾಗಿನಿಂದ, ಕಾಲು ತೆಗೆದ ಮೇಲೂ ಕಾರು ಭರ್ರೆಂದು ಮುಂದೆಯೇ ಓಡಿತು ಎಂದು ಬಡಕೊಳ್ಳುತ್ತಿದ್ದಳು. ಯಾರೂ ನಂಬಲಿಲ್ಲ. "ಅಕ್ಕ ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ಒತ್ತಿರ್ತಾಳೆ, ಬಿಡಿ ಭಾವ" ಎಂದು ಇವಳ ತಮ್ಮ ನಕ್ಕ.

ಇವತ್ತು ನನ್ನ ಗ್ಯಾರೇಜಿನಲ್ಲಿ ಆಕ್ಸಿಲರೇಟರ್ ಕೇಬಲ್ ಬಿಚ್ಚಿದೆ. ಒಳಗಿನ ತಂತಿಯ ಒಂದು ಎಳೆ ಕಡಿದು ಹೊರಗಿನ ಕೊಳವೆಗೆ ಸಿಕ್ಕಿಕೊಳ್ಳುತ್ತಿತ್ತು. ಎಳೆದರೆ ಬರುತ್ತದೆ, ಬಿಟ್ಟರೆ ವಾಪಸು ಹೋಗುವುದಿಲ್ಲ. ಇವಳನ್ನು ಕರೆದು ತೋರಿಸಿದೆ.

"ನೋಡು, ತಪ್ಪು ನಿಂದಲ್ಲ."

"ಹೂಂ" ಎಂದಳು, ಅಷ್ಟೆ.

ಹೊಸ ಕೇಬಲ್ ಹಾಕಿ, ಎಂಜಿನ್ ಆಫ್ ಇಟ್ಟೇ ಇವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಬಾನೆಟ್ ಎತ್ತಿ, ಕೇಬಲ್ ಮೇಲೆ ಬೆರಳಿಟ್ಟು, "ಒತ್ತು" ಎಂದೆ.

"ಒತ್ತಿದೆ ಕಣ್ರೀ."

ಕೇಬಲ್ ಅಲುಗಲಿಲ್ಲ.

"ಇನ್ನೂ ಸ್ವಲ್ಪ."

"ಪೂರ್ತಿ ಒತ್ತಿದೀನಿ!"

ನಾನೆಲ್ಲಿ ಎಡವಿದೆ ಎಂದು ಬಾಗಿಲ ಹತ್ತಿರ ಬಗ್ಗಿ ನೋಡಿದರೆ, ಇವಳ ಪಾದ ಪೆಡಲ್ಲಿಗೆ ತಾಗಿಯೇ ಇಲ್ಲ. ಒಂದು ಬೆರಳಷ್ಟು ಮೇಲೆ ನಿಂತು ನಡುಗುತ್ತಿದೆ. ಒತ್ತಿದ್ದೇನೆ ಎಂದೇ ನಂಬಿದ್ದಾಳೆ, ಪಾಪ. ಐವತ್ತು ದಾಟಿದ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತವಳು ಇವಳೇ.

"ಸರಿ ಇದೆಯಾ?" ಎಂದಳು.

"ಸರಿ ಇದೆ" ಎಂದೆ. ಬೇರೆ ಏನು ಹೇಳಲಿ?

ಕೆಳಗಿಳಿದು ಕೀಯನ್ನು ನನ್ನ ಜೇಬಿಗೆ ಹಾಕಿ ಹೋದಳು. ಇನ್ನೂ ಅಲ್ಲೇ ಇದೆ. ಬೆಳಿಗ್ಗೆ ವಾಪಸು ಕೊಡಬೇಕು. ಕೊಡುವಾಗ ಏನೆಂದು ಹೇಳಿ ಕೊಡಲಿ, ಅದೇ ತಿಳಿಯುತ್ತಿಲ್ಲ.